ಜಪಾನೀಸ್ ನಾಮಪದ ಕಲಿಯೋಕೆ ಇಂಗ್ಲಿಷ್ ದಾರಿ ಬೇಡ, ಕನ್ನಡದಿಂದಲೇ ಹೋಗಿ

ಪ್ರಶ್ನೆ: ನಾನು ಬಿಡದಿ ಹತ್ತಿರ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದೇನೆ. ಓದಿದ್ದು ಕನ್ನಡ ಮಾಧ್ಯಮ, ಆಮೇಲೆ ಐಟಿಐ. ಮುಂದಿನ ವರ್ಷ ಜಪಾನಿನ ಐಚಿ ಪ್ರಾಂತ್ಯಕ್ಕೆ ತರಬೇತಿಗೆ ಕಳಿಸುತ್ತಾರೆ. ಮೊಬೈಲ್ ಆಪ್‌ನಲ್ಲಿ ದಿನಾ 20 ಪದ ಬಾಯಿಪಾಠ ಮಾಡುತ್ತೇನೆ. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಮರೆತಿರುತ್ತದೆ. ದಿನಬಳಕೆಯ ನಾಮಪದಗಳಲ್ಲಿ ಯಾವುದು ಮೊದಲು? ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ ಕಷ್ಟವಾ? ಅವರ ಲಿಪಿ ಈಗಲೇ ಬೇಕಾ? ನಾನು ಸಸ್ಯಾಹಾರಿ, ಊಟದ ಪದಗಳ ಬಗ್ಗೆಯೂ ಹೇಳಿ.

ಉತ್ತರ: ಇಂಗ್ಲಿಷ್ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮಿಕ್ಕವುಗಳ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ಜಪಾನೀಸ್ ಕಲಿಯಲು ಇಂಗ್ಲಿಷ್ ಬೇಕಾಗಿಲ್ಲ. ನಾಮಪದಗಳ ಮಟ್ಟಿಗಂತೂ ಅದು ನಿಮ್ಮನ್ನು ಸುಮ್ನೆ ಸುತ್ತು ದಾರಿಗೆ ಹಾಕುತ್ತದೆ. ನಿಮ್ಮ ಆಪ್ ಜಪಾನೀಸ್ ಪದಕ್ಕೆ ಇಂಗ್ಲಿಷ್ ಅರ್ಥ ಕೊಡುತ್ತದೆ. ನೀವು ಅದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುತ್ತೀರಿ. ಎರಡೆರಡು ಸಲ ಅನುವಾದ ಆಗುವಾಗ ಅರ್ಥ ನಡುವೆ ಎಲ್ಲೋ ಸೋರಿಹೋಗುತ್ತದೆ.

ಊಟದಿಂದಲೇ ಶುರು ಮಾಡೋಣ. ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ‘ರೈಸ್’. ನಮಗೆ ಗದ್ದೆಯಲ್ಲಿ ಭತ್ತ, ಚೀಲದಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ. ಜಪಾನೀಯರಿಗೂ ಹಾಗೇ. ಗದ್ದೆಯ ಭತ್ತ ‘ಇನೆ’, ಅಕ್ಕಿ ‘ಕೊಮೆ’, ಅನ್ನ ‘ಗೊಹನ್’. ಗೊಹನ್ ಅಂದರೆ ಊಟ ಅಂತಲೂ ಆಗುತ್ತದೆ. ಬೆಳಗಿನ ಊಟ ‘ಅಸಗೊಹನ್’, ಮಧ್ಯಾಹ್ನದ್ದು ‘ಹಿರುಗೊಹನ್’, ರಾತ್ರಿಯದು ‘ಬಂಗೊಹನ್’.

ಮನೆಯವರ ವಿಷಯವೂ ಅಷ್ಟೇ. ಇಂಗ್ಲಿಷ್‌ನ ‘ಬ್ರದರ್’ ದೊಡ್ಡವನೋ ಚಿಕ್ಕವನೋ ಗೊತ್ತಾಗಲ್ಲ. ಜಪಾನೀಸ್‌ನಲ್ಲಿ ಅಣ್ಣ ‘ಅನಿ’, ಅಕ್ಕ ‘ಅನೆ’, ತಮ್ಮ ‘ಒತೋತೊ’, ತಂಗಿ ‘ಇಮೋತೊ’. ನಾಲ್ಕಕ್ಕೆ ನಾಲ್ಕು ಸರಿಹೊಂದುತ್ತವೆ. ಮೈಕೈ ಪದಗಳನ್ನೂ ನೋಡಿ. ‘ಅಶಿ’ ಅಂದರೆ ಕಾಲು. ತೊಡೆಯಿಂದ ಪಾದದ ತನಕ ಎಲ್ಲವೂ ಅದರಲ್ಲಿ ಬರುತ್ತದೆ, ನಮ್ಮ ‘ಕಾಲು’ ಇದ್ದ ಹಾಗೆ. ‘ಯುಬಿ’ ಅಂದರೆ ಬೆರಳು. ಕಾಲಿನ ಬೆರಳು ‘ಅಶಿ ನೊ ಯುಬಿ’. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲೆಲ್ಲ ಎರಡೆರಡು ಅರ್ಥ ನೆನಪಿಡಬೇಕು. ನಿಮಗೆ ಒಂದೇ ಸಾಕು. ಆದ್ದರಿಂದ ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಕಡೆ ಜಪಾನೀಸ್, ಇನ್ನೊಂದು ಕಡೆ ಕನ್ನಡ. ಇಂಗ್ಲಿಷ್‌ಗೆ ಅದರಲ್ಲಿ ಜಾಗ ಬೇಡ.

ಕನ್ನಡ ಕೈಕೊಡುವ ಕಡೆಗಳೂ ಇವೆ, ಅವನ್ನು ಆಗಲೇ ಗುರುತು ಹಾಕಿಕೊಳ್ಳಬೇಕು. ನಮಗೆ ತಣ್ಣೀರು, ಬಿಸಿನೀರು ಎರಡೂ ನೀರೇ. ಅಲ್ಲಿ ‘ಮಿಜು’ ಅಂದರೆ ತಣ್ಣಗಿನ ನೀರು, ಬಿಸಿನೀರು ‘ಒಯು’, ಬೇರೆಯದೇ ಪದ. ಮಿಜು ಕೇಳಿದರೆ ಚಳಿಗಾಲದಲ್ಲೂ ತಣ್ಣೀರೇ ತಂದಿಡುತ್ತಾರೆ. ರಸ್ತೆ ಸಿಗ್ನಲ್‌ನ ಹಸಿರು ದೀಪವನ್ನು ಅವರು ‘ಅಒ’, ಅಂದರೆ ನೀಲಿ, ಅನ್ನುತ್ತಾರೆ. ಇನ್ನು ಮನೆಯವರ ಪದಗಳಲ್ಲಿ ಎರಡು ಗುಂಪು. ನನ್ನ ತಾಯಿಯ ಬಗ್ಗೆ ಹೊರಗಿನವರ ಹತ್ತಿರ ಹೇಳುವಾಗ ‘ಹಹ’, ನಿಮ್ಮ ತಾಯಿ ಅನ್ನುವಾಗ ‘ಒಕಾಸನ್’. ತಂದೆಗೆ ‘ಚಿಚಿ’ ಮತ್ತು ‘ಒತೋಸನ್’. ನಮ್ಮ ಅಣ್ಣ ಅನಿ, ನಿಮ್ಮ ಅಣ್ಣ ‘ಒನೀಸನ್’. ನನ್ನವರನ್ನು ಹೊರಗಿನವರ ಮುಂದೆ ಎತ್ತಿ ಹೇಳಬಾರದು, ಎದುರಿನವರ ಮನೆಯವರನ್ನು ತಗ್ಗಿಸಬಾರದು ಎಂಬ ಮರ್ಯಾದೆ ಅದು. ಮನೆಯೊಳಗೆ ಅಮ್ಮನನ್ನು ಕೂಗುವಾಗ ಬಹಳ ಜನ ಒಕಾಸನ್ ಅಂತಲೇ ಕೂಗುತ್ತಾರೆ.

ಈಗ ಮರೆವಿನ ಮಾತು. ನೀವು ಮರೆಯುತ್ತಿರುವುದಕ್ಕೆ ನಿಮ್ಮ ತಲೆ ಕಾರಣ ಅಲ್ಲ. ಒಂಟಿ ಪದ ನೆನಪಿನಲ್ಲಿ ನಿಲ್ಲುವುದೇ ಇಲ್ಲ. ‘ಎಕಿ ಅಂದರೆ ಸ್ಟೇಷನ್, ಎಕಿ ಅಂದರೆ ಸ್ಟೇಷನ್’ ಅಂತ ನೂರು ಸಲ ಹೇಳಿದರೂ ಆ ಪದದಿಂದ ನೀವು ಏನೂ ಮಾಡಿಸಿಕೊಂಡಿಲ್ಲ, ಅಲ್ವಾ? ಪ್ರತಿ ನಾಮಪದವನ್ನೂ ಅದರ ಪ್ರತ್ಯಯದ ಜೊತೆ, ಸಾಧ್ಯವಾದರೆ ಕ್ರಿಯಾಪದದ ಜೊತೆಯೂ, ಕಲಿಯಿರಿ. ನಾನು ಕಲಿಸುವಾಗ ಹೆಚ್ಚು ಹಠ ಹಿಡಿಯುವುದು ಇದಕ್ಕೇ.

ಜಪಾನೀಸ್ ನಾಮಪದಕ್ಕೆ ಲಿಂಗ ಇಲ್ಲ, ಬಹುವಚನದ ಕಾಟವೂ ಇಲ್ಲ. ‘ಇಸು’ ಅಂದರೆ ಒಂದು ಕುರ್ಚಿಯೂ ಹೌದು, ಹತ್ತು ಕುರ್ಚಿಯೂ ಹೌದು. ನಾವೂ ‘ಹತ್ತು ಕುರ್ಚಿ ತಗೊಂಡು ಬಾ’ ಅಂತೀವಲ್ಲ. ಆದರೆ ವಾಕ್ಯದಲ್ಲಿ ನಾಮಪದದ ಹಿಂದೆ ಒಂದು ಸಣ್ಣ ಪ್ರತ್ಯಯ ಬರುತ್ತದೆ. ನಮ್ಮ ವಿಭಕ್ತಿ ಪ್ರತ್ಯಯಗಳು ಕೂರುವ ಜಾಗದಲ್ಲೇ ಅದೂ ಕೂರುತ್ತದೆ. ‘ಅನ್ನು’ ಜಾಗದಲ್ಲಿ ‘ಒ’, ‘ಗೆ’ ಜಾಗದಲ್ಲಿ ‘ನಿ’, ‘ಇಂದ’ ಜಾಗದಲ್ಲಿ ‘ಕರ’, ‘ತನಕ’ ಜಾಗದಲ್ಲಿ ‘ಮದೆ’. ‘ನನ್ನ ಬ್ಯಾಗ್’ ಅನ್ನುವಾಗಿನ ಷಷ್ಠಿಗೆ ‘ನೊ’: ವತಶಿ ನೊ ಕಬನ್. ವಾಕ್ಯದ ಕೊನೆಗೆ ‘ಕ’ ಸೇರಿಸಿದರೆ ಪ್ರಶ್ನೆ, ನಾವು ‘ಇದೆಯಾ’ ಅಂತ ‘ಆ’ ಸೇರಿಸುವ ಹಾಗೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಮೊ’. ಅದು ನಮ್ಮ ‘ಊ’. ‘ವತಶಿ ಮೊ’ ಅಂದರೆ ‘ನಾನೂ’.

ಪದಗಳ ಸಾಲೂ ಕನ್ನಡದ್ದೇ. ‘ಬಸು ದೆ ಎಕಿ ನಿ ಇಕಿಮಸ್’: ಬಸ್ಸಲ್ಲಿ ಸ್ಟೇಷನ್‌ಗೆ ಹೋಗ್ತೀನಿ. ‘ಎಕಿ ಕರ ಕೋಜೋ ಮದೆ’: ಸ್ಟೇಷನ್‌ನಿಂದ ಕಾರ್ಖಾನೆ ತನಕ. ‘ಮಿಜು ಒ ಕುದಸೈ’: ನೀರು ಕೊಡಿ. ‘ಎಕಿ ವ ದೊಕೊ ದೆಸ್ ಕ’: ಸ್ಟೇಷನ್ ಎಲ್ಲಿದೆ? ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ. ‘ವ’ ಮತ್ತು ‘ಗ’ ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸ ಮಾತ್ರ ನಿಧಾನಕ್ಕೆ ತಿಳಿಯುತ್ತದೆ. ಈಗಲೇ ಅದರ ಹಿಂದೆ ಬೀಳಬೇಡಿ.

ಒಂದು ಕಡೆ ಎಚ್ಚರ ಬೇಕು. ನಮಗೆ ‘ರೂಮಲ್ಲಿ ಕುರ್ಚಿ ಇದೆ’, ‘ರೂಮಲ್ಲಿ ತಿಂತೀನಿ’ ಎರಡಕ್ಕೂ ‘ಅಲ್ಲಿ’ ಸಾಕು. ಅವರು ಬೇರೆ ಮಾಡುತ್ತಾರೆ. ಇರುವುದಕ್ಕೆ ‘ನಿ’: ಹೆಯ ನಿ ಇಸು ಗ ಅರಿಮಸ್. ಏನಾದರೂ ಮಾಡುವುದಕ್ಕೆ ‘ದೆ’: ಹೆಯ ದೆ ತಬೆಮಸ್. ಕನ್ನಡಿಗರು ಇಲ್ಲಿ ತಪ್ಪುವುದು ಜಾಸ್ತಿ. ಕುರ್ಚಿಗೆ ‘ಅರಿಮಸ್’, ಜನಕ್ಕೆ ‘ಇಮಸ್’. ನಮ್ಮ ‘ಇದೆ’, ‘ಇದ್ದಾರೆ’ ಇದ್ದಂತೆ. ಆದರೆ ನಾಯಿ, ಬೆಕ್ಕಿಗೂ ಇಮಸ್ ಅನ್ನಬೇಕು.

ಯಾವ ಪದ ಮೊದಲು ಅಂದರೆ, ನಿಮ್ಮ ಕೈಗೆ ದಿನಾ ತಾಗುವ ಪದ ಮೊದಲು. ಆರಂಭದ ಪಟ್ಟಿಗಳಲ್ಲಿ ಪೆನ್ಸಿಲ್, ಮೃಗಾಲಯ, ಹಿಮ, ಗಿಟಾರ್ ಎಲ್ಲ ಇರುತ್ತವೆ. ಅವು ಶಾಲೆ ಮಕ್ಕಳಿಗೆ, ಪ್ರವಾಸಿಗರಿಗೆ ಸರಿ. ನೀವು ಕಾರ್ಖಾನೆಯಿಂದ ಶುರು ಮಾಡಿ. ನಿಜ ಹೇಳಬೇಕೆಂದರೆ ನಿಮಗೆ ಆಗಲೇ ಹತ್ತು ನಾಮಪದ ಬರುತ್ತವೆ. 1990ರ ದಶಕದ ಕೊನೆಯಲ್ಲಿ ಟೊಯೊಟಾ ಬಿಡದಿಗೆ ಬಂದ ಮೇಲೆ ಆ ಸುತ್ತಿನ ಕಾರ್ಖಾನೆಗಳ ಗೋಡೆ ಮೇಲೆಲ್ಲ 5ಎಸ್, ಅಂದರೆ ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಐದು ಸೂತ್ರಗಳ ಬೋರ್ಡ್ ಬಂದಿದೆ. ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆಯುವುದು, ಜೋಡಿಸಿಡುವುದು, ಗುಡಿಸಿ ಒರೆಸುವುದು, ಸ್ವಚ್ಛತೆ ಕಾಪಾಡುವುದು, ಶಿಸ್ತು. ಇದರ ಜೊತೆಗೆ ಕೈಜೆನ್ (ಸುಧಾರಣೆ), ಕಂಬನ್, ಗೆಂಬ (ಕೆಲಸ ನಡೆಯುವ ಜಾಗ), ಅಂದೊನ್, ಮುದ. ಇವು ಕಾರ್ಖಾನೆಯ ಗುಟ್ಟಿನ ಪದಗಳಲ್ಲ, ದಿನದ ಮಾತಿನವೇ. ಜಪಾನಿನ ಬೀದಿಯಲ್ಲಿ ‘ಕಂಬನ್’ ಅಂದರೆ ಅಂಗಡಿಯ ಬೋರ್ಡ್. ‘ಅಂದೊನ್’ ಅಂದರೆ ಹಳೇ ಕಾಲದ ಕಾಗದದ ದೀಪ. ‘ಮುದ’ ಅಂದರೆ ದಂಡ, ವ್ಯರ್ಥ.

ಇವುಗಳ ಮೇಲೆ ಕಟ್ಟುತ್ತಾ ಹೋಗಿ. ಯಂತ್ರ ‘ಕಿಕೈ’, ಬಿಡಿಭಾಗ ‘ಬುಹಿನ್’, ಸ್ಕ್ರೂ ‘ನೆಜಿ’, ಉಪಕರಣ ‘ಕೋಗು’. ಬ್ರೇಕ್ ‘ಕ್ಯೂಕೇ’, ಓವರ್‌ಟೈಮ್ ‘ಜಂಗ್ಯೋ’, ನೈಟ್ ಶಿಫ್ಟ್ ‘ಯಕಿನ್’. ಎಲ್ಲಕ್ಕಿಂತ ಮೊದಲು ‘ಅಂಜೆನ್’, ಅಂದರೆ ಸುರಕ್ಷತೆ, ‘ಕಿಕೆನ್’, ಅಪಾಯ, ‘ಚೂಇ’, ಎಚ್ಚರಿಕೆ. ಈ ಮೂರು ಕಿವಿಗೆ ಬಿದ್ದ ತಕ್ಷಣ ಕೈ ನಿಲ್ಲಬೇಕು. ಹಾಗಾಗಿ ಇವನ್ನು ಬರೆದು ಕಲಿತರೆ ಸಾಲದು, ಕೇಳಿ ಕೇಳಿ ಕಲಿಯಿರಿ.

ಡ್ಯೂಟಿಗೆ ಹತ್ತುವ ಮೊದಲು ಮೈಗೆ ಹಾಕುವ ವಸ್ತುಗಳಲ್ಲಿ ಒಂದು ಸೊಗಸಿದೆ. ಈಗಿನ ಕನ್ನಡದಲ್ಲಿ ನಾವು ಎಲ್ಲವನ್ನೂ ‘ಹಾಕಿಕೊಳ್ಳುತ್ತೇವೆ’: ಹೆಲ್ಮೆಟ್, ಶೂ, ಶರ್ಟು, ಗ್ಲೌಸು. ಜಪಾನೀಯರು ತಲೆಗೆ ಬೇರೆ, ಕಾಲಿಗೆ ಬೇರೆ ಕ್ರಿಯಾಪದ ಬಳಸುತ್ತಾರೆ. ಹೆರುಮೆತ್ತೊ ಒ ಕಬುರು. ಅಂಜೆಂಗುತ್ಸು ಒ ಹಕು. ಕೆಲಸದ ಬಟ್ಟೆಯಾದರೆ ಸಗ್ಯೋಫುಕು ಒ ಕಿರು. ಕೈಗವಸಾದರೆ ತೆಬುಕುರೊ ಒ ಹಮೆರು. ಇದು ವಿಚಿತ್ರ ಅನ್ನಿಸಿದರೆ ನಿಮ್ಮ ಅಜ್ಜಿಯ ಮಾತನ್ನು ನೆನಪಿಸಿಕೊಳ್ಳಿ. ಸೀರೆ ಉಡುವುದು, ಅಂಗಿ ತೊಡುವುದು, ಚಪ್ಪಲಿ ಮೆಟ್ಟುವುದು, ಹೂ ಮುಡಿಯುವುದು. ನಾಮಪದವನ್ನು ಕ್ರಿಯಾಪದದ ಜೊತೆಗೇ ಕಲಿಯಿರಿ ಅಂದದ್ದು ಇದಕ್ಕೇ. ಶಿಫ್ಟ್‌ಗೆ ಮೊದಲು ಒಂದೊಂದನ್ನೂ ಹಾಕಿಕೊಳ್ಳುತ್ತಾ ಆ ವಾಕ್ಯವನ್ನು ಮೆಲ್ಲಗೆ ಹೇಳಿಕೊಳ್ಳಿ. ಕೈ ಮಾಡಿದ ಕೆಲಸ ಪದವನ್ನು ಹಿಡಿದಿಡುತ್ತದೆ.

ಮೇಲೆ ‘ಅಂಜೆಂಗುತ್ಸು’ ಅಂದೆ. ಶೂಗೆ ‘ಕುತ್ಸು’, ಸುರಕ್ಷತೆಯ ಶೂಗೆ ‘ಗುತ್ಸು’ ಹೇಗಾಯಿತು? ಹೈಸ್ಕೂಲಿನ ಕನ್ನಡ ಪಾಠದ ಆದೇಶ ಸಂಧಿ ನೆನಪಿದೆಯಾ? ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಎರಡನೇ ಪದದ ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಜಪಾನೀಸ್ ಸಮಾಸಗಳಲ್ಲೂ ಬಹಳ ಕಡೆ ಹೀಗೇ ಆಗುತ್ತದೆ. ‘ತೆ’ ಅಂದರೆ ಕೈ, ‘ಫುಕುರೊ’ ಅಂದರೆ ಚೀಲ, ಸೇರಿದರೆ ‘ತೆಬುಕುರೊ’, ಕೈಗವಸು. ಕೈ ಮತ್ತು ಕಾಗದ, ಅಂದರೆ ‘ತೆ’ ಮತ್ತು ‘ಕಮಿ’, ಸೇರಿದರೆ ‘ತೆಗಮಿ’, ಪತ್ರ. ಹೂವು ‘ಹನ’, ಬೆಂಕಿ ‘ಹಿ’, ಎರಡೂ ಸೇರಿ ‘ಹನಬಿ’, ಪಟಾಕಿ. ಬಾಯಿ ‘ಕುಚಿ’. ಒಳಗೆ ಹೋಗುವ ಬಾಯಿ ‘ಇರಿಗುಚಿ’, ಹೊರಗೆ ಬರುವ ಬಾಯಿ ‘ದೆಗುಚಿ’, ತುರ್ತು ಬಾಗಿಲು ‘ಹಿಜೋಗುಚಿ’. ಎಲ್ಲ ಸಮಾಸಕ್ಕೂ ಹೀಗಾಗುವುದಿಲ್ಲ. ಆದರೂ ಸಂಧಿಯ ಕಿವಿ ಇರುವವರಿಗೆ ಒಂದು ಪದ ಕಲಿತರೆ ಅದರ ಹಿಂದೆ ನಾಲ್ಕು ಬರುತ್ತವೆ.

ವಾರದ ಹೆಸರುಗಳಿಗೆ ಕನ್ನಡ ಇನ್ನೂ ಹತ್ತಿರ. ಭಾನುವಾರ ‘ನಿಚಿಯೋಬಿ’, ಸೂರ್ಯನ ದಿನ. ಸೋಮವಾರ ‘ಗೆತ್ಸುಯೋಬಿ’, ಚಂದ್ರನ ದಿನ. ಆಮೇಲೆ ಬೆಂಕಿ, ನೀರು, ಮರ, ಚಿನ್ನ, ಮಣ್ಣು: ಕಯೋಬಿ, ಸುಇಯೋಬಿ, ಮೊಕುಯೋಬಿ, ಕಿನ್‌ಯೋಬಿ, ದೊಯೋಬಿ. ಬೆಂಕಿ, ನೀರು ಅಂತ ಹೇಳಿ ಬಿಟ್ಟರೆ ಈ ಸಾಲು ನೆನಪಿನಲ್ಲಿ ಉಳಿಯಲ್ಲ. ಆದರೆ ಜಪಾನೀಸ್‌ನಲ್ಲಿ ಮಂಗಳ ಗ್ರಹಕ್ಕೆ ‘ಬೆಂಕಿ ನಕ್ಷತ್ರ’ ಅಂತಲೇ ಹೆಸರು. ಬುಧ ನೀರಿನದು, ಗುರು ಮರದ್ದು, ಶುಕ್ರ ಚಿನ್ನದ್ದು, ಶನಿ ಮಣ್ಣಿನದು. ನಮ್ಮ ಮಂಗಳ, ಬುಧ, ಗುರು, ಶುಕ್ರ, ಶನಿವಾರಗಳದೇ ಸಾಲು. ಭಾರತದ ಗ್ರಹಗಳ ಲೆಕ್ಕವಿದ್ದ ಜ್ಯೋತಿಷ ಗ್ರಂಥಗಳನ್ನು ಬೌದ್ಧ ಭಿಕ್ಷುಗಳು ಚೀನಾ ದಾರಿಯಲ್ಲಿ ಒಂಬತ್ತನೇ ಶತಮಾನದ ಹೊತ್ತಿಗೇ ಜಪಾನಿಗೆ ಒಯ್ದಿದ್ದರು.

ಲಿಪಿ ಈಗಲೇ ಬೇಕಾ ಅಂತ ಕೇಳಿದಿರಿ. ಹಿರಗನ, ಕತಕನ ಎಂಬ ಎರಡು ಉಚ್ಚಾರದ ಲಿಪಿಗಳೂ ಈಗಲೇ ಬೇಕು. ಒಂದೊಂದರಲ್ಲೂ 46 ಮೂಲ ಅಕ್ಷರ. ಅಕ್ಷರಮಾಲೆಯ ಕ್ರಮ ನೋಡಿದರೆ ಬೆರಗಾಗುತ್ತೀರಿ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಓದುತ್ತಿದ್ದ ಭಿಕ್ಷುಗಳ ಪ್ರಭಾವದಿಂದ ಈ ಕ್ರಮ ಬಂತು. ‘ಹ’ ಸಾಲಿನ ಉಚ್ಚಾರ ಬಹಳ ಹಿಂದೆ ‘ಪ’ ಆಗಿತ್ತು. ಹಾಗೆ ಓದಿಕೊಂಡರೆ ತ, ನ, ಪ, ಮ, ಯ, ರ, ವ ನಮ್ಮ ಸಾಲೇ.

ಹಿರಗನ ಕೈಗೆ ಹತ್ತುವ ತನಕ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಇಂಗ್ಲಿಷ್ ಅಕ್ಷರದಲ್ಲಿ ಬೇಡವೇ ಬೇಡ. ಜಪಾನೀಸ್‌ನಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ. ‘ಒಬಸನ್’ ಅಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸನ್’ ಅಂದರೆ ಅಜ್ಜಿ. ‘ಬಿರು’ ಕಟ್ಟಡ, ‘ಬೀರು’ ಬಿಯರ್. ಒತ್ತಕ್ಷರವೂ ಹಾಗೇ. ‘ಒತೊ’ ಸದ್ದು, ‘ಒತ್ತೊ’ ಗಂಡ. ಕತೆ ಮತ್ತು ಕತ್ತೆಯ ವ್ಯತ್ಯಾಸ ತಿಳಿದ ನಿಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಇದು ಮುಚ್ಚಿಹೋಗುತ್ತದೆ. ನಾವು ‘ಟೋಕಿಯೋ’ ಅನ್ನುವುದು ಅವರ ಬಾಯಲ್ಲಿ ‘ತೋಕ್ಯೋ’. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಇರುವುದು ಕನ್ನಡ ಲಿಪಿಯ ದೊಡ್ಡ ಅನುಕೂಲ. ನಮ್ಮ ಸೊನ್ನೆಯೂ ಸರಿಯಾಗಿ ಕೂರುತ್ತದೆ. ಕಂಬನ್‌ನಲ್ಲಿ ಮ್, ಅಂದೊನ್‌ನಲ್ಲಿ ನ್ ಆಗಿ ಅದು ತಾನಾಗಿ ಬದಲಾಗುತ್ತದೆ.

ಉಚ್ಚಾರದಲ್ಲಿ ಮೂರು ಮಾತು. ಟ, ಡ ಬೇಡ. ತ, ದ ಸಾಕು. ರೈಲು ‘ದೆಂಶ’, ಡೆನ್ಶಾ ಅಲ್ಲ. ಲ ಅಲ್ಲಿ ಇಲ್ಲ. ಅವರ ರ ನಮ್ಮ ರ-ಗೆ ಹತ್ತಿರ, ನಾಲಗೆ ಒಂದೇ ಸಲ ತಾಗಬೇಕು. ಮಿಜು, ಅಂಜೆನ್ ಪದಗಳಲ್ಲಿರುವುದು ‘ಜೀಬ್ರಾ’ದ ಜ. ಇನ್ನು ಸ್ವರದ ಏರಿಳಿತ: ‘ಹಶಿ’ಯಲ್ಲಿ ಮೊದಲ ಅಕ್ಷರ ಏರಿದರೆ ತೋಕ್ಯೋದವರಿಗೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ಇದಕ್ಕೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಊಟಕ್ಕೆ ಕೂತವರು ಸೇತುವೆ ಕೇಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಕತಕನ ಹೊರಗಿನಿಂದ ಬಂದ ಪದಗಳಿಗೆ. ಇವು ಸುಲಭ ಅನ್ನಿಸುತ್ತವೆ, ಕೆಲವು ದಾರಿ ತಪ್ಪಿಸುತ್ತವೆ. ‘ಬೈಕು’ ಅಂದರೆ ಮೋಟರ್ ಬೈಕು, ಸೈಕಲ್‌ಗೆ ‘ಜಿತೆಂಶ’. ‘ಮಂಶೊನ್’ ಅಂದರೆ ಬಂಗಲೆ ಅಲ್ಲ, ಅಪಾರ್ಟ್‌ಮೆಂಟ್. ‘ಸುತೋಬು’ ಅಡುಗೆಯದಲ್ಲ, ರೂಮ್ ಹೀಟರ್. ‘ಕೊಂಸೆಂತೊ’ ಅಂದರೆ ಗೋಡೆಯ ಪ್ಲಗ್ ಸಾಕೆಟ್. ಬ್ರೆಡ್ಡಿಗೆ ‘ಪನ್’ ಅಂತಾರೆ. ನಾವು ಭಾಜಿ ಜೊತೆ ತಿನ್ನುವ ‘ಪಾವ್’ ಕೂಡ ಅದೇ ಪೋರ್ಚುಗೀಸ್ ಪದದಿಂದ ಬಂದದ್ದು.

ಕಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರುವ ಅಕ್ಷರಗಳನ್ನು ಬರೆಯುವುದು ಸದ್ಯಕ್ಕೆ ಬೇಡ, ಗುರುತಿಸಿದರೆ ಸಾಕು. ಇರಿಗುಚಿ, ದೆಗುಚಿ, ಹಿಜೋಗುಚಿ ಮೂರೂ ಬೋರ್ಡ್‌ಗಳ ಕೊನೆಯಲ್ಲಿ ಒಂದು ಖಾಲಿ ಚೌಕ ಇರುತ್ತದೆ. ಅದೇ ‘ಬಾಯಿ’. ಅಪಾಯ, ಎಚ್ಚರಿಕೆ, ಗಂಡಸು, ಹೆಂಗಸು, ನೀರು, ಬೆಂಕಿ, ಮಾಂಸ, ಮೀನು, ಮೊಟ್ಟೆ. ಹೊರಡುವ ಮೊದಲು ಇಷ್ಟರ ಚಿತ್ರ ಕಣ್ಣಲ್ಲಿ ಕೂತಿರಲಿ.

ಎಣಿಕೆಯ ವಿಷಯದಲ್ಲಿ ಸಮಾಧಾನ ಬೇಕು. ಜನಕ್ಕೆ ಬೇರೆ, ವಸ್ತುವಿಗೆ ಬೇರೆ ಎಣಿಕೆ ನಮಗೆ ಹೊಸದಲ್ಲ: ಒಬ್ಬರು, ಇಬ್ಬರು. ಅಲ್ಲಿ ‘ಹಿತೊರಿ, ಫುತರಿ, ಸನ್ನಿನ್’. ಆದರೆ ಅವರು ಅಲ್ಲಿಗೇ ನಿಲ್ಲುವುದಿಲ್ಲ. ಟಿಕೆಟ್, ಕಾಗದದಂಥ ತೆಳುವಾದದ್ದಕ್ಕೆ ‘ಮೈ’, ಬಾಟಲಿ, ಪೆನ್ನಿನಂಥ ಉದ್ದನೆಯದಕ್ಕೆ ‘ಹೊನ್’. ಅದೂ ಇಪ್ಪೊನ್, ನಿಹೊನ್, ಸಂಬೊನ್ ಅಂತ ರೂಪ ಬದಲಿಸುತ್ತದೆ. ಮೊದಲು ‘ಹಿತೊತ್ಸು, ಫುತತ್ಸು, ಮಿತ್ತ್ಸು’ ಸಾಲನ್ನು ಹತ್ತರ ತನಕ ಕಲಿಯಿರಿ. ಅಂಗಡಿಯಲ್ಲಿ ಹೆಚ್ಚಿನ ವಸ್ತುಗಳಿಗೆ ಅದು ನಡೆಯುತ್ತದೆ.

ಈಗ ನಿಮ್ಮ ಊಟ. ‘ವೆಜಿಟೇರಿಯನ್’ ಅನ್ನುವ ಪದವನ್ನು ನಂಬಿಕೊಳ್ಳಬೇಡಿ. ಜಪಾನಿನಲ್ಲಿ ಕೆಲವರು ಅದನ್ನು ‘ಮಾಂಸ ಬೇಡ, ಮೀನು ಪರವಾಗಿಲ್ಲ’ ಅಂತ ತಿಳಿಯುತ್ತಾರೆ. ನಾಮಪದಗಳನ್ನೇ ಹೇಳಿ: ‘ನಿಕು ಮೊ ಸಕನ ಮೊ ತಬೆಮಸೆನ್’, ಮಾಂಸವನ್ನೂ ತಿನ್ನಲ್ಲ, ಮೀನನ್ನೂ ತಿನ್ನಲ್ಲ. ಮೊಟ್ಟೆಯೂ ಬೇಡವಾದರೆ ‘ತಮಗೊ ಮೊ’ ಸೇರಿಸಿ. ಎಲ್ಲಕ್ಕಿಂತ ಮುಖ್ಯವಾದ ಪದ ‘ದಶಿ’, ಅಂದರೆ ಸಾರಿನ ಮೂಲ ರಸ. ಮಿಸೊ (ಹುದುಗಿಸಿದ ಸೋಯಾ) ಸಾರು, ಉದೊನ್ (ಗೋಧಿಯ ದಪ್ಪ ನೂಡಲ್ಸ್), ತರಕಾರಿ ಪಲ್ಯ ಹೀಗೆ ನೋಡಲು ಸಸ್ಯಾಹಾರ ಅನ್ನಿಸುವ ಎಷ್ಟೋ ಅಡುಗೆಗೆ ಒಣ ಮೀನಿನ ದಶಿ ಬಿದ್ದಿರುತ್ತದೆ. ಆ ಮೀನಿನ ಚೂರು ‘ಕತ್ಸುಒಬುಶಿ’. ‘ಸಕನ ನೊ ದಶಿ ದೆಸ್ ಕ’ ಅಂತ ಕೇಳಿ. ‘ಕೊಂಬು’, ಅಂದರೆ ಕಡಲ ಪಾಚಿಯ ದಶಿ ಒಂದೇ ಹಾಕಿದ್ದರೆ ನೀವು ತಿನ್ನಬಹುದು. ಅನ್ನಕ್ಕೆ ಗೊಹನ್, ತರಕಾರಿಗೆ ‘ಯಸೈ’, ‘ತೋಫು’, ಉಪ್ಪು ‘ಶಿಒ’, ಹಾಲು ‘ಗ್ಯೂನ್ಯೂ’, ಹಣ್ಣು ‘ಕುದಮೊನೊ’. ಇಷ್ಟರಿಂದ ಮೊದಲ ವಾರ ಹೊಟ್ಟೆ ತುಂಬುತ್ತದೆ.

ದಿನಕ್ಕೆ 20 ಪದ ಇವತ್ತೇ ನಿಲ್ಲಿಸಿ. ಆರು ಸಾಕು, ಆದರೆ ಒಂದೊಂದಕ್ಕೂ ನಿಮ್ಮದೇ ಒಂದು ವಾಕ್ಯ ಬೇಕು, ಜೋರಾಗಿ ಹೇಳಬೇಕು. ಮಾರನೇ ದಿನ, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ನೋಡಿ ಓದುವುದಕ್ಕಿಂತ ಮುಚ್ಚಿ ನೆನಪಿಸಿಕೊಳ್ಳುವುದು ಕಷ್ಟ, ಹಿಡಿದಿಡುವುದೂ ಅದೇ. ಕಿವಿಗೆ ಅಭ್ಯಾಸ ಆಗಲು ಜಪಾನ್ ಫೌಂಡೇಶನ್‌ನ ‘ಇರೊದೊರಿ’ ಪಾಠಗಳ ಆಡಿಯೊ ಕೇಳಿ. ಅಲ್ಲಿ ಬದುಕುವ, ದುಡಿಯುವ ವಿದೇಶಿಯರಿಗೆ ಅಂತಲೇ ಮಾಡಿದ್ದು, ಉಚಿತವಾಗಿ ಸಿಗುತ್ತದೆ. ಗೊತ್ತಿಲ್ಲದ ವಸ್ತು ಕಂಡರೆ ಬೆರಳು ತೋರಿಸಿ ‘ಕೊರೆ ವ ನಿಹೊಂಗೊ ದೆ ನನ್ ದೆಸ್ ಕ’, ಇದಕ್ಕೆ ಜಪಾನೀಸ್‌ನಲ್ಲಿ ಏನಂತಾರೆ, ಅಂತ ಕೇಳಿ. ನಿಮ್ಮ ಹತ್ತಿರ ಇರುವುದು ‘ಕೊರೆ’, ಎದುರಿನವರ ಹತ್ತಿರ ಇರುವುದು ‘ಸೊರೆ’, ಇಬ್ಬರಿಗೂ ದೂರದ್ದು ‘ಅರೆ’. ಹಳಗನ್ನಡದಲ್ಲಿ ಇದು, ಅದುಗಳ ನಡುವೆ ‘ಉದು’ ಇತ್ತು, ಗೊತ್ತಾ?

ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಕಾರ್ಖಾನೆಯವರು ಕೇಳಬಹುದು. ಅದರಲ್ಲಿ ಐದು ಹಂತ, ಎನ್5 ಮೊದಲನೆಯದು. ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಪದ ಮತ್ತು ವ್ಯಾಕರಣ, ಓದುವುದು, ಕೇಳುವುದು ಇಷ್ಟೇ ಇರುತ್ತವೆ. ಮಾತಿನ ಪರೀಕ್ಷೆ ಇಲ್ಲ. ಹಾಗಾಗಿ ಪಾಸಾದವರಿಗೆಲ್ಲ ಮಾತು ಬರುತ್ತದೆ ಅಂತಲ್ಲ. 2010ರಲ್ಲಿ ಪರೀಕ್ಷೆ ಬದಲಾದ ಮೇಲೆ ಅಧಿಕೃತ ಪದಪಟ್ಟಿ ಹೊರಡಿಸುವುದನ್ನೂ ನಿಲ್ಲಿಸಿದ್ದಾರೆ. ‘ಅಧಿಕೃತ ಎನ್5 ಪದಪಟ್ಟಿ’ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಅರ್ಜಿ ಹಾಕುವ ಅವಧಿ ಪರೀಕ್ಷೆಗೆ ಕೆಲವು ತಿಂಗಳ ಮೊದಲೇ ಮುಗಿದುಹೋಗುತ್ತದೆ, ಆ ದಿನಾಂಕವನ್ನು ಮಾತ್ರ ಈಗಲೇ ನೋಡಿಟ್ಟುಕೊಳ್ಳಿ.